ಬಿರುನಾಣಿ ನೈಟ್ ಹಾಲ್ಟ್

ದೇಚು, ನೀನು ಕೇಳಿದ್ದು
ಅಡುಗೆಮನೆಯ ಬಾಗಿಲಲ್ಲಿ, ಫೋನಿಂದ ತಲೆ ಎತ್ತದೆ:
‘ಅವ್ವಾ, ಯಾವ ಡಿಗ್ರಿ ಓದಿದರೆ
ಬೆಳಕಿರುವಾಗಲೇ ಮನೆಗೆ ಬರಬಹುದು?’

ಪಿಯುಸಿಯಲ್ಲಿ ಲೆಕ್ಕಕ್ಕೇ ಫೇಲಾದವಳು ನಾನು.
ಹದಿನೇಳು ವರ್ಷದಲ್ಲಿ ಚಿಲ್ಲರೆ ಮಾತ್ರ ತಪ್ಪಿಲ್ಲ.
ಸರ್ಕಾರ ಸೀಟು ಹಂಚುವ ರೀತಿ ನನಗೆ ತಿಳಿಯದು,
ನನಗೆ ಗೊತ್ತಿರುವ ಸೀಟು ಐವತ್ತೆರಡು,
ಅದರಲ್ಲೂ ಡ್ರೈವರಿನ ಹಿಂದಿನದು ಹರಿದಿದೆ.
ಆದರೆ ಯಾರು ಎಷ್ಟು ಹೊತ್ತಿಗೆ ಹತ್ತುತ್ತಾರೆ,
ಹತ್ತಿದವರು ಹೇಗೆ ಕೂರುತ್ತಾರೆ,
ಅದನ್ನು ಕೇಳು, ಹೇಳುತ್ತೇನೆ.

ಒಂಬತ್ತೂವರೆಗೆ ವಿರಾಜಪೇಟೆಯಲ್ಲಿ ಫ್ಲೇವಿಯಾ.
ನರ್ಸಿಂಗ್ ಓದಿದವಳು, ರಾತ್ರಿ ಪಾಳಿ ಮುಗಿಸಿದವಳು.
ಸೊನ್ನೆ ರೂಪಾಯಿಯ ಟಿಕೆಟ್ಟು ಬೆರಳಲ್ಲಿರುವಂತೆಯೇ ನಿದ್ದೆ.
ಹುದಿಕೇರಿ ಬಂದಾಗ ನಾನೇ ಭುಜ ತಟ್ಟಬೇಕು.
ಒಮ್ಮೆ ಮರೆತೆ.
ಶೆಟ್ಟಿಗೇರಿಯಲ್ಲಿ ಕಣ್ಣುಬಿಟ್ಟು ನಕ್ಕಳು:
‘ಇರಲಿ ಅಕ್ಕಾ, ಅಷ್ಟು ದೂರ ಜಾಸ್ತಿ ಮಲಗಿದೆ.’

ಎಲ್ಲರೂ ಕರುಬುವುದು ಜುಲೈಕಾ ಟೀಚರನ್ನು,
ನಾಲ್ಕೂಕಾಲಿಗೆಲ್ಲ ಬಸ್ಸಿನಲ್ಲಿ ಅಂತ.
ತೊಡೆಯ ಮೇಲೆ ಅರವತ್ತು ನೋಟ್‌ಬುಕ್ಕಿನ ಚೀಲ,
ಕೈಯಲ್ಲಿ ಕೆಂಪು ಪೆನ್ನು.
ತಿರುವಿನಲ್ಲಿ ಬಸ್ಸು ವಾಲಿದರೆ
ಅವರು ಹಾಕಿದ ಸರಿ ಗುರುತು ಹಾಳೆ ದಾಟಿ ಓಡುತ್ತದೆ,
ಯಾವುದೋ ಮಗು ತಪ್ಪು ಉತ್ತರಕ್ಕೂ ಪಾಸು.

ಬ್ಯಾಂಕಿನ ಹುಡುಗ ಬಿಕಾಂ. ಮಾರ್ಚಿನಲ್ಲಿ ಅವನನ್ನು ನಾನು ನೋಡಿಲ್ಲ.

ದನದ ಡಾಕ್ಟರು ಬಸ್ಸು ಹತ್ತುವುದೇ ಇಲ್ಲ.
ಹಾಲ್ಟಿನಲ್ಲಿ ಮಲಗಿದಾಗ ರಾತ್ರಿ ಎರಡಕ್ಕೆ ಅವರ ಜೀಪಿನ ಸದ್ದು.
ಒಂದು ಬೆಳಗ್ಗೆ ಟೀ ಅಂಗಡಿಯ ನಲ್ಲಿಯಲ್ಲಿ
ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದರು.
‘ಹೆಣ್ಣು ಕರು’ ಅಂದರು, ನಾನು ಕೇಳದೆಯೇ.
ಆ ಮುಖವನ್ನು ಯಾವ ಖಾನೆಗೆ ಹಾಕಲಿ, ದೇಚು?
ನಿದ್ದೆಯಂತೂ ಹೋಗಿತ್ತು.

ಇನ್ನು ಬೆಳ್ಯಪ್ಪ, ರಕ್ತ ಪರೀಕ್ಷೆಯ ಕೋರ್ಸು.
ಕೊನೆ ಟ್ರಿಪ್ಪಿನಲ್ಲಿ ಪೊನ್ನಂಪೇಟೆಗೆ ಇಳಿಯುವಾಗ
ಅವನ ಹಾಕಿ ಸ್ಟಿಕ್ಕು ನನ್ನ ಮೊಣಕಾಲಿಗೆ ಬಡಿಯದ ದಿನವಿಲ್ಲ.
ನಿನ್ನ ಪ್ರಶ್ನೆಗೆ ಇವನೇ ಉತ್ತರ ಅಂದುಕೊಂಡು
ಸಂಬಳ ಕೇಳಿದೆ. ಹೇಳಿದ. ಸ್ವಲ್ಪ ಹೊತ್ತು ನಾನು ಮಾತಾಡಲಿಲ್ಲ.
‘ಸಾಕಾಗುತ್ತಾ?’
‘ಸ್ಟಿಕ್ಕಿಗೆ ಸಾಕು ಅಕ್ಕಾ, ಮದುವೆಗೆ ಗೊತ್ತಿಲ್ಲ.’

ನನ್ನದೂ ಒಂದು ಹೇಳಿಬಿಡುತ್ತೇನೆ.
ನೀನು ನಾಲ್ಕನೇ ಕ್ಲಾಸು, ಪುತ್ತರಿ ರಾತ್ರಿ, ನನಗೆ ಡ್ಯೂಟಿ.
ಶೆಟ್ಟಿಗೇರಿ ದಾಟುವಾಗ ಗದ್ದೆಯಲ್ಲಿ ಕೋವಿ ಹಾರಿತು,
‘ಪೊಲಿ ಪೊಲಿ ದೇವಾ’ ಅನ್ನುವುದು ಕಿಟಕಿಯವರೆಗೆ ಬಂತು.
ಡ್ರೈವರು ಎಂಜಿನ್ ಆರಿಸಿದ.
ಏಳು ಜನ ಪ್ರಯಾಣಿಕರು, ಒಬ್ಬರೂ ಬೈಯಲಿಲ್ಲ.
ಆಮೇಲೆ ನಾನೇ ರೈಟ್ ಹೇಳಬೇಕಾಯಿತು.
ಮರುದಿನ ನೀನು ನನ್ನ ಪಾಲಿನ ಕದಿರು ಎತ್ತಿಟ್ಟಿದ್ದೆ,
‘ಅವ್ವನ ಕಂಬ ಇದು’ ಅಂತ ಟಿಕೆಟ್ ಮೆಷಿನ್ನಿಗೆ ಕಟ್ಟಿದೆ.
ಮೂರು ದಿನ ಟಿಕೆಟ್ಟಿನ ಜೊತೆ
ಜನರ ಕೈಗೆ ಒಂದೆರಡು ಭತ್ತದ ಕಾಳು.

ಅದಕ್ಕೇ ಈ ಪ್ರಶ್ನೆ ನಿನ್ನದಲ್ಲವೇನೋ ಅನಿಸುತ್ತದೆ,
ಆ ನಾಲ್ಕನೇ ಕ್ಲಾಸಿನವಳದು.
ಅವಳಿಗೆ ಹೇಳುವಷ್ಟು ನಾನು ಓದಿಲ್ಲ.
ಕಾಲೇಜಿನ ಪುಸ್ತಕದಲ್ಲಿ ಫೀಸು ಬರೆದಿದ್ದಾರೆ, ಸಂಬಳ ಬರೆದಿದ್ದಾರೆ,
ಎಷ್ಟು ಹೊತ್ತಿಗೆ ಚಪ್ಪಲಿ ಬಿಚ್ಚಬಹುದು ಅನ್ನುವುದು ಎಲ್ಲೂ ಇಲ್ಲ.

ಫಾರಂ ತುಂಬಲು ಬುಧವಾರದವರೆಗೆ ಟೈಮಿದೆ.
ನಾಳೆ ನನ್ನ ಬಸ್ಸು ಹತ್ತು,
ಬೆಳಗಿನಿಂದ ಕತ್ತಲಿನವರೆಗೆ ಕೊನೇ ಸೀಟಿನಲ್ಲಿ ಕೂರು.
ಟೀಚರಿಗೆ ಚೀಲ ಹಿಡಿದುಕೊಡು, ಬೆಳ್ಯಪ್ಪನನ್ನು ನೀನೇ ಕೇಳು,
ಫ್ಲೇವಿಯಾಳನ್ನು ಮಾತ್ರ ಎಬ್ಬಿಸಬೇಡ.
ನಿನಗೂ ಸೊನ್ನೆ ಟಿಕೆಟ್ಟೇ.
ಆಧಾರ್ ಕಾರ್ಡು ಮರೆಯಬೇಡ,
ಮಗಳು ಅಂತ ಬಿಡುವವಳಲ್ಲ ನಾನು.